ಕರೆ ಒಪ್ಪಿಸಿದ ಮೇಲೆ

ಮುದ್ದೆ ಇನ್ನೂ ಕೋಲಿಗೆ ಅಂಟುತ್ತಿತ್ತು. ಪಾತ್ರೆಯನ್ನು ನೆಲಕ್ಕಿಳಿಸಿ, ಅದು ಅಲುಗದಂತೆ ಕವೆಗೋಲನ್ನು ಎರಡೂ ಪಾದಗಳಿಂದ ಮೆಟ್ಟಿ ಹಿಡಿದು ಹಿಟ್ಟಿನ ಗಂಟು ಒಡೆಯುತ್ತಿದ್ದೆ. ಅಷ್ಟರಲ್ಲಿ ಮೂಲೆಯ ನಮ್ಮ ಹಿಟ್ಟಿನ ಗಿರಣಿಯ ಮೋಟರು ನಿಂತಿತು. ಗಿರಣಿ ನಿಂತರೆ ನನಗೆ ಗಡಿಬಿಡಿ. ಅದರ ಬೆನ್ನಿಗೇ ವೆಲ್ಡಿಂಗ್ ಅಂಗಡಿ ನಿಲ್ಲುತ್ತದೆ, ಹೊಲಿಗೆ ಯಂತ್ರಗಳು ನಿಲ್ಲುತ್ತವೆ, ಶಾಲೆಯಲ್ಲಿ ಮಗ್ಗಿ ಹೇಳುವ ಮಕ್ಕಳು ಅರ್ಧಕ್ಕೇ ಬಾಯಿ ಮುಚ್ಚುತ್ತಾರೆ. ಊಟದ ಹೊತ್ತಿನಲ್ಲಿ ಸದ್ದು ಮಾಡುವವರನ್ನು ನಮ್ಮ ಊರಿನಲ್ಲಿ ಯಾರೂ ಕ್ಷಮಿಸುವುದಿಲ್ಲ. ಆ ನಿಶ್ಶಬ್ದದೊಳಗಿನಿಂದ ಒಂದೊಂದೇ ಬಾಗಿಲಿನ ಕರೆ ಏಳತೊಡಗುತ್ತದೆ. ಸಾರು ಆರ್ತದೆ ಬಾರೋ ಎಂದು ಒಬ್ಬಳು. ಕೈ ತೊಳ್ಕೊಂಡ್ಯಾ ಅಪ್ಪಾಜಿ ಎಂದು ಇನ್ನೊಬ್ಬಳು. ಎದುರುಮನೆಯ ಅಜ್ಜಿ ತನ್ನ ತಮ್ಮನನ್ನು, ಅವನಿಗೂ ಹಲ್ಲುದುರಿದೆ, ಇವತ್ತಿಗೂ ‘ಬಾರೋ ಕತ್ತೆ’ ಎಂದೇ ಕರೆಯುವುದು. ಬೇರೆ ಮಾತಿಗೆ ಅವನ ಹೊಟ್ಟೆಯೊಳಗಿನ ಎಲೆ ಏಳುವುದಿಲ್ಲ, ಉಂಡದ್ದು ಮೈಗೆ ಹತ್ತುವುದಿಲ್ಲ.

ನಾನು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಬಂದು ಕರೆದೆ. “ರೀ, ಮುದ್ದೆ ಇಳಿಸಿದೆ.” ಮದುವೆಯಾದಾಗಿನಿಂದ ಇದೇ ನನ್ನ ಕರೆ. ಅನ್ನ ಮಾಡಿದ ದಿನವೂ ಮುದ್ದೆ ಇಳಿಸಿದೆ ಎಂದೇ ಕರೆಯುತ್ತೇನೆ. ನನ್ನ ಗಂಡ ಮರುಳಪ್ಪ ಹುಬ್ಬಿನ ಮೇಲೆ ಹಿಟ್ಟು ಹೊತ್ತು ಬಂದು, ಕೈಕಾಲು ತೊಳೆದು, ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ತುತ್ತು ಮುರಿಯುವ ಮುನ್ನ ನನ್ನತ್ತ ನೋಡದೆಯೇ “ನೀನೂ ಬಾ” ಎಂದರು. ಅದು ನನ್ನ ಕರೆ. ಈ ಮನೆಗೆ ಬಂದ ಮೇಲೆ ನಾನು ಉಂಡದ್ದೆಲ್ಲ ಮೈಗೆ ಇಳಿದದ್ದು ಆ ಎರಡು ಮಾತಿನಿಂದ. ಸಾಲದು ಎನ್ನಲಾರೆ. ಊಟವಾದ ಮೇಲೆ ಒಂದು ಚೊಂಬು ನೀರು ಹೆಚ್ಚಿಗೆ ಕುಡಿಯುತ್ತೇನೆ, ಅಷ್ಟೆ.

ಪಾತ್ರೆ ತೊಳೆಯುವಾಗ ಪಕ್ಕದ ಮನೆಯ ಪಾರ್ವತಕ್ಕ ಗೋಡೆಯ ಮೇಲೆ ಮೊಣಕೈ ಊರಿ ನಿಂತಳು.

“ದಾಕ್ಷಿ, ನಿನ್ನ ಮಗಳನ್ನ ನೋಡಿದ್ಯಾ ಈಚೆಗೆ?”

“ಹೋದ ತಿಂಗಳು ಬಂದಿದ್ಲಲ್ಲಕ್ಕ.”

“ಇವತ್ತು ಶಿಶುವಿಹಾರದ ಹತ್ರ ಕಂಡೆ. ನಲ್ಲಿಗೆ ಬಾಯಿ ಕೊಟ್ಟು ನೀರು ಕುಡೀತಿದ್ಲು. ಮಕ್ಕಳು ಲೋಟ ಹಿಡ್ಕೊಂಡು ಸಾಲಲ್ಲಿ ನಿಂತಿದ್ವು, ಇವ್ಳು, ಅವ್ರ ಟೀಚರ್ರು, ನಲ್ಲಿ ಬಿಡ್ಲೇ ಇಲ್ಲ.”

“ಬಿಸಿಲಲ್ವಾ.”

“ಹೂಂ, ಬಿಸಿಲು. ಬಳೆ ಮೊಣಕೈ ತನಕ ಜಾರ್ತವೆ. ಅದೂ ಬಿಸಿಲಿಗೇ ಇರ್ಬೇಕು.”

ನಾನು ಪಾತ್ರೆ ಉಜ್ಜುತ್ತಲೇ ಇದ್ದೆ. ಕರೆಯಿಲ್ಲದೆ ಉಂಡದ್ದು ರಕ್ತದಲ್ಲೇ ಸಿಹಿಯಾಗಿ ಸುತ್ತುತ್ತಿರುತ್ತದೆ, ಮೈಗೆ ಸೇರುವುದಿಲ್ಲ. ಮೊದಲು ಬಾಯಾರಿಕೆ, ಆಮೇಲೆ ಸೊರಗುವುದು, ಆಮೇಲೆ ಕಣ್ಣು ಮಂಜಾಗುವುದು. ಇದು ನಮ್ಮ ಊರಿನ ಹಸುಗೂಸಿಗೂ ಗೊತ್ತು. ಆದರೆ ನನ್ನ ಮಗಳಿಗೆ ಕರೆಯುವವನಿಲ್ಲವೇ? ಊರಿಗೆಲ್ಲ ಕೇಳುವ ಹಾಗೆ ಕರೆಯುವವನಿದ್ದಾನೆ.

ಹಂಸಿನಿಗೆ ಗಂಡು ಹುಡುಕುವಾಗ ನಾವು ನೋಡಿದ್ದು ದನಿಯನ್ನು. ಎಲ್ಲರೂ ನೋಡುವುದು ಅದನ್ನೇ. ಹುಡುಗಿಯನ್ನು ಒಳಗೆ ಕೂರಿಸಿ, ಹುಡುಗನನ್ನು ಜಗುಲಿಯ ಮೇಲೆ ನಿಲ್ಲಿಸಿ, ಏನಾದರೂ ಕರೆಯಪ್ಪಾ ಎನ್ನುತ್ತಾರೆ. ಕೀರಲು ದನಿಯ ಒಬ್ಬ ಎಂಜಿನಿಯರನ್ನೂ ಮಾತಿನ ಕೊನೆ ನುಂಗುವ ಒಬ್ಬ ಜಮೀನುದಾರನನ್ನೂ ನಾವು ಬೇಡವೆಂದೆವು. ತಿಪ್ಪೇಶ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವವನು. ತುಂಬಿದ ದನಿ, ಒಂದಕ್ಷರ ಎಡವುವುದಿಲ್ಲ. ಅವನು ಜಗುಲಿಯ ಮೇಲೆ ನಿಂತು ಕರೆದಾಗ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. “ಇಂಥ ದನಿ ಸಿಕ್ರೆ ನಿನ್ನ ಮಗಳು ಕಲ್ಲು ತಿಂದ್ರೂ ಅರಗುತ್ತೆ ಬಿಡು” ಎಂದು ಪಾರ್ವತಕ್ಕ ಅಂದು ಹೊಟ್ಟೆಕಿಚ್ಚಿನಿಂದಲೇ ಹೇಳಿದ್ದಳು.

ಮದುವೆಯ ಮರುದಿನದಿಂದ ಕರೆ ಒಪ್ಪಿಸುವುದು. ನಾನೂ ಅಳಿಯನೂ ಹೊಸ್ತಿಲಿನ ಎರಡು ಬದಿಗೆ ನಿಂತು ಒಟ್ಟಿಗೆ ಕರೆಯಬೇಕು. ಮೊದಲ ದಿನ ನನ್ನ ದನಿ ಮೇಲೆ, ಅವನದು ಕೆಳಗೆ. ದಿನ ಕಳೆದ ಹಾಗೆ ನನ್ನದು ತಗ್ಗಬೇಕು, ಅವನದು ಏರಬೇಕು. ಕೊನೆಯ ದಿನ ತಾಯಿಯ ತುಟಿ ಮಾತ್ರ ಅಲುಗುತ್ತದೆ. ಆ ದಿನ ಹೆಂಗಸರೆಲ್ಲ ನನ್ನ ತುಟಿಯನ್ನೇ ನೋಡುತ್ತಿದ್ದರು, ಉಸಿರೇನಾದರೂ ಹೊರಟೀತೆಂದು. ಹೊರಡಲಿಲ್ಲ. ಹಂಸಿನಿ ಒಳಗಿನಿಂದ ಬಂದು ಅವನ ಪಕ್ಕದಲ್ಲಿ ಕೂತು ಉಂಡಳು. ಎಲ್ಲರೂ ಅಕ್ಷತೆ ಹಾಕಿದರು. ನಾನೂ ಹಾಕಿದೆ. ಇನ್ನು ಮೇಲೆ ನಾನು ಅವಳನ್ನು ಯಾವುದಕ್ಕೆ ಬೇಕಾದರೂ ಕೂಗಬಹುದು, ಊಟಕ್ಕೆ ಮಾತ್ರ ಕರೆಯುವ ಹಾಗಿಲ್ಲ. ಒಪ್ಪಿಸಿದ ಕರೆಯನ್ನು ತಾಯಿ ಹಿಂದೆ ತೆಗೆದುಕೊಂಡಳು ಎಂದರೆ ಮಗಳನ್ನೂ ಹಿಂದೆ ತೆಗೆದುಕೊಂಡಳು ಎಂದೇ ಅರ್ಥ. ಅದಕ್ಕೇ ಮಗಳು ತವರಿಗೆ ಬಂದಾಗ ಊಟದ ಹೊತ್ತಿಗೆ ತಾಯಂದಿರು ಬಾಯಲ್ಲಿ ವೀಳ್ಯ ಇಟ್ಟುಕೊಳ್ಳುತ್ತಾರೆ. ತಪ್ಪಿಯೂ ಮಾತು ಹೊರಡಬಾರದು.

ಪಾರ್ವತಕ್ಕ ಹೇಳಿದ ಮೇಲೆ ನಾನು ಅವರಿಬ್ಬರನ್ನೂ ಭಾನುವಾರಕ್ಕೆ ಬರಹೇಳಿದೆ. ಹೋಳಿಗೆ ಮಾಡಿದ್ದೆ. ಬಡಿಸುವ ಹೊತ್ತಿಗೆ ವೀಳ್ಯವನ್ನು ದವಡೆಗೆ ಒತ್ತಿಕೊಂಡು ಕಂಬದ ಪಕ್ಕ ನಿಂತೆ. ತಿಪ್ಪೇಶ ಎದ್ದು ನಿಂತು, ಶರ್ಟಿನ ತೋಳು ಸರಿಪಡಿಸಿಕೊಂಡು ಕರೆದ. “ಹಂಸಿನೀ, ಊಟ ಸಿದ್ಧವಾಗಿದೆ, ಬರಬೇಕು.” ಎಷ್ಟು ಚೆಂದದ ದನಿ. ನನ್ನ ಗಂಡ ನನ್ನತ್ತ ನೋಡಿ ತಲೆದೂಗಿದರು. ಹಂಸಿನಿ ಬಂದಳು, ಉಂಡಳು, ನಕ್ಕಳು. ಹೋಳಿಗೆ ಎರಡನೆಯದಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದು ಕೊಡದಿಂದ ಚೊಂಬಿಗೆ ಮೊಗೆದು, ಮೊಗೆದು, ಮತ್ತೂ ಮೊಗೆದು ಕುಡಿದಳು. ನಾನು ಬಚ್ಚಲಿಗೆ ಹೋಗಿ ವೀಳ್ಯ ಉಗಿದು ಬಂದೆ.

“ಎಷ್ಟು ದಿನದಿಂದ ಹೀಗೆ?”

“ಏನಮ್ಮ?”

“ನಿನ್ನ ಬಳೆ.”

“ಫ್ಯಾಷನ್ ಅದು. ದೊಡ್ಡ ಅಳತೆ ಹಾಕ್ಕೊಳ್ತಾರೆ ಈಗ.”

“ಹಂಸಿ.”

ಅವಳು ಚೊಂಬನ್ನು ಬೋರಲು ಹಾಕಿದಳು. “ಅವರು ಎಷ್ಟು ಚೆನ್ನಾಗಿ ಕರೀತಾರೆ ಗೊತ್ತಲ್ಲ ನಿಂಗೆ. ಮಧ್ಯಾಹ್ನ ಡ್ಯೂಟಿ ಬಿಟ್ಟು ಬರಕ್ಕಾಗಲ್ಲ ಅಂತ ಮೈಕಲ್ಲೇ ಕರೀತಾರೆ. ಇಡೀ ಬಸ್ ಸ್ಟ್ಯಾಂಡು ನಗುತ್ತೆ. ನಾನು ಶಿಶುವಿಹಾರದಲ್ಲಿ ಡಬ್ಬಿ ಬಿಚ್ಚೋ ಹೊತ್ತಿಗೆ ಸರಿಯಾಗಿ. ನನ್ನ ಜೊತೆ ಟೀಚರ್ರುಗಳೆಲ್ಲ ಏನು ಪುಣ್ಯ ಮಾಡಿದ್ದೆ ಅಂತಾರೆ.”

“ಅವನ ದನಿ ಹೆಂಗಿದೆ ಅಂತ ಕೇಳ್ಲಿಲ್ಲ ನಾನು. ನಿನ್ನ ಎಲೆ ಕೇಳ್ತಾ ಅಂತ ಕೇಳಿದೆ.”

ಅವಳು ನಕ್ಕಳು. ಆ ನಗುವಿನಲ್ಲಿ ಸದ್ದಿರಲಿಲ್ಲ. “ಎರಡನೇ ಪ್ಲಾಟ್‌ಫಾರಮ್ಮಿನ ಬಸ್ಸಿಗೂ ನಂಗೂ ಒಂದೇ ದನಿ ಅಮ್ಮ. ಎಲೆ ಎದ್ದು ಕೂತ್ಕೊಳತ್ತೆ, ಕರೆದದ್ದು ನನ್ನನ್ನಲ್ಲ ಅಂತ ಮತ್ತೆ ಮಲಗತ್ತೆ.” ಹೊರಗೆ ಗಂಡನ ಹೆಜ್ಜೆ ಕೇಳಿದ ಕೂಡಲೇ ನನ್ನ ಕೈ ಹಿಡಿದಳು. “ಅವರಿಗೆ ಹೇಳ್ಬೇಡ. ತುಂಬ ಒಳ್ಳೆಯೋರು. ಗೊತ್ತಾದ್ರೆ ಮೈಕೇ ಮುಟ್ಟಲ್ಲ ಆಮೇಲೆ.”

ಆ ರಾತ್ರಿ ನನಗೆ ನನ್ನ ಅಮ್ಮನ ನೆನಪಾಯಿತು. ಅವಳ ಕರೆ ‘ದಾಕ್ಷಿ, ಒಲೆ ಮುಂದೆ ಬಾ’ ಎಂಬುದಾಗಿತ್ತು. ಒಲೆಯ ಮುಂದೆ ಕೂತರೆ ಕಾವಲಿಯಿಂದ ನೇರ ತಟ್ಟೆಗೆ ರೊಟ್ಟಿ ಬೀಳುತ್ತಿತ್ತು. ನನ್ನನ್ನು ಒಪ್ಪಿಸಿದ ಮೇಲೆ ಅವಳು ಆ ಮಾತನ್ನು ಮತ್ತೆ ಆಡಲಿಲ್ಲ. ಶಿಸ್ತಿನ ಹೆಂಗಸು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನಾನು ಅವಳಿಗೆ ಗಂಜಿ ಕುಡಿಸಲು ಹೋಗುತ್ತಿದ್ದೆ. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಊಟದ ಹೊತ್ತಾಯಿತೆಂದು ಗೊತ್ತಾದ ಕೂಡಲೇ ತುಟಿ ಬಿಗಿದುಕೊಳ್ಳುತ್ತಿದ್ದಳು. ನಾನು ಹತ್ತಿರ ಬಾಗುತ್ತಿದ್ದೆ. ನಮ್ಮಿಬ್ಬರನ್ನು ನೋಡುವವರು ಯಾರೂ ಇರುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಕರೆದಿದ್ದರೆ ಯಾರ ಮನೆ ಮುಳುಗುತ್ತಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ನನ್ನ ಹೊಸ ಕರೆ ಸರಿಯಾಗಿ ಬೇರೂರಿತು, ಮೊದಲ ವರ್ಷದ ಸೊರಗು ಕಳೆಯಿತು, ಎರಡು ಕೈ ತುಂಬ ಸಂಸಾರ ಮಾಡಿದೆ. ಅಮ್ಮ ಮಾಡಿದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಇಷ್ಟು ವರ್ಷಗಳಲ್ಲಿ ಒಂದು ಊಟದಿಂದಲೂ ನಾನು ಬಾಯಾರದೆ ಎದ್ದದ್ದಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಹೇಳುವಷ್ಟು ದೊಡ್ಡ ವಿಷಯವೂ ಅಲ್ಲ ಅದು.

ಅಳಿಯನಿಗೆ ಹೇಳದೆಯೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರಮ್ಮ ಹೊರಗಿನಿಂದ ಬಂದವರು. ಅವರ ಊರಲ್ಲಿ ಕರೆಯದಿದ್ದರೂ ಜನ ಉಂಡು ಅರಗಿಸಿಕೊಳ್ಳುತ್ತಾರಂತೆ. ರಕ್ತದಲ್ಲಿ ಸಕ್ಕರೆ ಏರಿದ್ದನ್ನು ನೋಡಿ ಎಲೆ ತಾನಾಗಿಯೇ ಎಚ್ಚರವಾಗುತ್ತದಂತೆ. ಬಂದ ಹೊಸತರಲ್ಲಿ ಅವರಿಗೆ ನಮ್ಮದು ವಿಚಿತ್ರವಾಗಿ ಕಂಡಿತ್ತು, ಈಗ ಅವರಿಗೂ ಅಭ್ಯಾಸವಾಗಿದೆ. ಮಧ್ಯಾಹ್ನ ನರ್ಸು ಕರೆಯದೆ ಡಬ್ಬಿ ತೆರೆಯುವುದಿಲ್ಲ. ಹಂಸಿನಿಯ ಬೆರಳಿಗೆ ಸೂಜಿ ಚುಚ್ಚಿ, ಮಿಷನ್ನು ನೋಡಿ, ಒಂದು ಕಾಗದ ಎಳೆದುಕೊಂಡು ಚಿತ್ರ ಬರೆದರು. ಹೊಟ್ಟೆಯ ಹಿಂದೆ ಅಡ್ಡಡ್ಡ ಮಲಗಿದ ಉದ್ದನೆಯ ಎಲೆ.

“ಇದನ್ನ ನಾವು ಮೇದೋಜೀರಕ ಗ್ರಂಥಿ ಅಂತೀವಿ. ಇದರೊಳಗೆ ಚಿಕ್ಕ ಚಿಕ್ಕ ದ್ವೀಪಗಳಿವೆ. ದ್ವೀಪದ ಒಂದೊಂದು ಕಣದ ಮೈಮೇಲೂ ಕೊಂಡಿಗಳು. ಕರೆ ಕಿವಿಗೆ ಬಿದ್ದ ಕೂಡಲೇ ತಲೆಯಿಂದ ಇಳಿದು ಬರೋ ನರ ತನ್ನ ತುದಿಯಲ್ಲಿ ಒಂಚೂರು ರಸ ಬಿಡುತ್ತೆ. ಆ ರಸ ಕೊಂಡಿಯಲ್ಲಿ ಹೋಗಿ ಕೂತ್ಕೊಂಡ್ರೆ ಕಣ ತೆರ್ಕೊಂಡು ಇನ್ಸುಲಿನ್ ಬಿಡುತ್ತೆ. ಇಷ್ಟೇ.”

“ಕೊಂಡಿ ಕೆಟ್ಟಿದ್ಯಾ ಹಂಗಾದ್ರೆ?” ಎಂದರು ನನ್ನ ಗಂಡ. ಗಿರಣಿಯವರಿಗೆ ಎಲ್ಲವೂ ಬಿಡಿಭಾಗಗಳೇ.

“ಕೊಂಡಿ ಸರಿ ಇದೆ. ನರನೂ ಸರಿ ಇದೆ. ಆದರೆ ರಸ ಬರ್ತಾ ಇಲ್ಲ. ಹಳೇ ದನಿಗೆ ಕಾಯ್ತಾ ಕೂತಿದೆ.” ಡಾಕ್ಟರಮ್ಮ ನನ್ನತ್ತ ನೋಡಿದರು. “ಹೆಸರೂ ಬೇಡ, ಮಾತೂ ಬೇಡ. ಊಟದ ಹೊತ್ತಲ್ಲಿ ನಿಮ್ಮ ದನಿ ಕೇಳಿದ್ರೆ ಸಾಕು, ಎದ್ದು ನಿಲ್ಲುತ್ತೆ. ಅದಕ್ಕೇ ಕೇಳಿಸ್ಬಾರ್ದು. ಕಾಯೋದು ಬಿಟ್ಟಾಗ ಹೊಸ ದನಿಗೆ ಒಗ್ಗುತ್ತೆ. ಇನ್ನೊಂದಷ್ಟು ದಿನ ನೋಡೋಣ. ಇಳೀಲಿಲ್ಲ ಅಂದ್ರೆ ದಿನಾ ಸೂಜಿ ತಗೋಬೇಕಾಗುತ್ತೆ.”

“ಸೂಜಿ ಬೇಡ,” ಎಂದಳು ಹಂಸಿನಿ.

“ಅದರಿಂದ ಏನೂ ತೊಂದರೆ ಇಲ್ಲಮ್ಮ.”

“ಸೂಜಿ ಹಾಕಿಸ್ಕೊಳ್ಳೋದು ಯಾರೂ ಇಲ್ದೋರು, ಡಾಕ್ಟ್ರೇ. ನಂಗೆ ಕರೆಯೋರಿಲ್ವಾ?”

ಡಾಕ್ಟರಮ್ಮ ಚಿತ್ರದ ಕಾಗದವನ್ನು ಮಡಚಿದರು. ಇಲ್ಲಿ ಎಷ್ಟು ವರ್ಷ ಇದ್ದರೂ ಆ ಮಾತು ಅವರಿಗೆ ಪೂರ್ತಿ ಅರ್ಥವಾಗುವುದಿಲ್ಲ. ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಯ ಜಗುಲಿಯಲ್ಲಿ ಕೂರುವವರನ್ನು ನಾವೆಲ್ಲ ನೋಡಿದ್ದೇವೆ. ಅವರ ಮುಂದೆ ಹಾದು ಹೋಗುವಾಗ ಜನ ದನಿ ತಗ್ಗಿಸುತ್ತಾರೆ. ಗಂಡನಿದ್ದೂ ಅಲ್ಲಿ ಹೋಗಿ ಕೂತ ಹೆಂಗಸನ್ನು ಆಮೇಲೆ ಗಂಡನ ಮನೆಯವರು ಉಳಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಅಂದಿನಿಂದ ನಾನು ಮಗಳ ಬೀದಿಗೆ ಕಾಲಿಡಲಿಲ್ಲ. ಗಂಡನನ್ನು ಕರೆಯುವಾಗಲೂ ಬಾಗಿಲಿನಿಂದಾಚೆ ತಲೆ ಹಾಕದೆ ಮೆಲ್ಲಗೆ ಕರೆದೆ. “ಏನೇ, ನಂಗೆ ಕೇಳಿಸ್ದಂಗೆ ಕರೀತೀಯಲ್ಲ,” ಎಂದು ಅವರು ಎರಡು ದಿನ ಬೈದರು. ಮೂರನೆಯ ದಿನ ಅವರೂ ನೀರಿನ ಚೊಂಬಿಗೆ ಕೈ ಹಾಕಿದ ಮೇಲೆ ಮತ್ತೆ ಮೊದಲಿನ ಹಾಗೇ ಕರೆಯತೊಡಗಿದೆ.

ಅದಾಗಿ ಸ್ವಲ್ಪ ದಿನಕ್ಕೆ ಪಾರ್ವತಕ್ಕ ಗೋಡೆಯ ಮೇಲಿನಿಂದ ಹೊಸ ಸುದ್ದಿ ಹೇಳಿದಳು. “ನಿನ್ನ ಮಗಳ ಮುಖಕ್ಕೆ ಚೂರು ಕಳೆ ಬಂದಿದೆ ಕಣೆ. ಅಂತೂ ಮೈಕಿನ ಕರೆ ಹತ್ತಿತು.” ನನಗೆ ಎದೆಯಲ್ಲಿ ಹಗುರವಾಯಿತು. ಹಗುರವಾದ ಜಾಗದಲ್ಲಿ ಸ್ವಲ್ಪ ಖಾಲಿಯೂ ಆಯಿತು. ಹತ್ತಲಿ ಎಂದೇ ಹರಸಿದ್ದೆ. ಹತ್ತಿದ ಮೇಲೆ, ಹಾಗಾದರೆ ಅವಳ ಮೈಯಲ್ಲಿ ನನ್ನ ದನಿಗೆ ಇನ್ನು ಜಾಗ ಇಲ್ಲವಲ್ಲ ಎಂದುಕೊಂಡೆ. ಯಾವ ತಾಯಿಯೂ ಬಾಯಿಬಿಟ್ಟು ಹೇಳುವ ಮಾತಲ್ಲ ಇದು.

ಒಂದು ಮಧ್ಯಾಹ್ನ ಹಪ್ಪಳ ಒಣಗಲು ಹಾಕಿದ್ದನ್ನು ಕಾಗೆ ಎಳೆಯುತ್ತಿದೆ ಎಂದು ಮಹಡಿಗೆ ಹತ್ತಿದ್ದೆ. ಕೆಳಗೆ ಗಿರಣಿ ನಿಂತಿತು. ಇಳಿದು ಹೋಗಲು ಹೊತ್ತಿಲ್ಲದೆ ಅಲ್ಲಿಂದಲೇ ಕರೆಯೋಣವೆಂದು ಅಂಚಿಗೆ ಬಂದೆ. ನಮ್ಮ ಹಿತ್ತಿಲ ಗೋಡೆಯ ಆಚೆ ಒಂದು ಓಣಿ ಇದೆ. ಗಿರಣಿಯ ಹೊಟ್ಟು ಸುರಿಯುವ ಜಾಗ, ಯಾರೂ ಓಡಾಡುವುದಿಲ್ಲ. ಅಲ್ಲಿ ಹೊಟ್ಟಿನ ಮೂಟೆಯ ಮೇಲೆ ನನ್ನ ಮಗಳು ಕೂತಿದ್ದಳು. ತೊಡೆಯ ಮೇಲೆ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ದೂರದಲ್ಲಿ ಬಸ್ ಸ್ಟ್ಯಾಂಡಿನ ಮೈಕು ಗೊರಗೊರ ಎಂದಿತು. ಹಂಸಿನೀ, ಊಟ ಸಿದ್ಧವಾಗಿದೆ, ಬರಬೇಕು. ಆ ದನಿ ಊರಿನ ಮಾಳಿಗೆಗಳ ಮೇಲೆಲ್ಲ ಹರಿದು ಹೋಯಿತು. ಅವಳು ಅಲುಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ತಲೆಯನ್ನು ನಮ್ಮ ಮನೆಯ ಕಡೆಗೆ ಒಂದಿಷ್ಟು ವಾಲಿಸಿ ಕಾಯುತ್ತಿದ್ದಳು.

ನಾನು ಹಿಂದೆ ಸರಿದೆ. ಅವಳು ಮೇಲೆ ನೋಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ, ಗಂಡ ಹಸಿದು ಬಂದಾರು ಎಂಬ ಒಂದೇ ನೆಪದಲ್ಲಿ, ಬೀದಿಯ ಕಡೆಗೆ ತಿರುಗಿ ಕರೆದೆ. “ರೀ, ಮುದ್ದೆ ಇಳಿಸಿದೆ.” ದನಿ ಸ್ವಲ್ಪ ಒಡೆದಿತ್ತು. ಮತ್ತೆ ಬಗ್ಗಿ ನೋಡಿದಾಗ ಅವಳು ಡಬ್ಬಿ ಬಿಚ್ಚಿದ್ದಳು. ಚಿಕ್ಕಂದಿನಲ್ಲಿ ಉಣ್ಣುತ್ತಿದ್ದ ಹಾಗೆಯೇ, ಮೊಣಕಾಲು ಮಡಚಿ, ಬೆರಳು ನೆಕ್ಕಿಕೊಂಡು, ಯಾರೂ ಕಸಿಯುವುದಿಲ್ಲ ಎಂಬ ಧೈರ್ಯದಲ್ಲಿ ಉಂಡಳು. ಮುಗಿದ ಮೇಲೆ ಅವಳು ನೀರಿನ ಬಾಟಲಿಯನ್ನು ಬಾಯಿಗೆ ಇಡಲಿಲ್ಲ. ಬಾಟಲಿಯ ನೀರಿನಿಂದ ಕೈ ತೊಳೆದು, ಉಳಿದದ್ದನ್ನು ಗೋಡೆಯ ಬುಡದ ಗಿಡಕ್ಕೆ ಸುರಿದು ಹೋದಳು.

ಆಮೇಲೆ ದಿನವೂ ನೋಡಿದೆ. ಬೆಳಗ್ಗೆ ರಾತ್ರಿ ಅವಳು ಗಂಡನ ಕರೆಗೆ ಉಣ್ಣುತ್ತಿದ್ದಳು, ಅದು ಹತ್ತುತ್ತಿರಲಿಲ್ಲ. ಮಧ್ಯಾಹ್ನದ ಒಂದು ಹೊತ್ತು ಗೋಡೆಯಾಚೆ ಕೂತು, ನಾನು ಅವಳ ಅಪ್ಪನನ್ನು ಕರೆಯುವ ಕರೆಗೆ ಉಣ್ಣುತ್ತಿದ್ದಳು. ಅಷ್ಟರಲ್ಲಿ ಬದುಕುತ್ತಿದ್ದಳು. ನನಗೆ ಗೊತ್ತಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾದರೆ ಮತ್ತೆ ಬರುವುದಿಲ್ಲ, ಅಷ್ಟು ಹಟಮಾರಿ. ನಾನು ಮಹಡಿಗೆ ಹೋಗುವುದನ್ನು ಬಿಟ್ಟೆ. ಆದರೆ ಕರೆಯುವ ಮುಂಚೆ ಹಿತ್ತಿಲ ಬಾಗಿಲನ್ನು ತೆರೆದಿಡುತ್ತಿದ್ದೆ. ಗಾಳಿ ಬರಲಿ ಎಂದು.

ತಿಪ್ಪೇಶ ಒಂದು ಸಂಜೆ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ನಾವು ಮುಚ್ಚಿಟ್ಟಿದ್ದರೂ ಅವನಿಗೆ ಆಸ್ಪತ್ರೆಯ ವಿಷಯ ಹೇಗೋ ತಿಳಿದುಹೋಗಿತ್ತು. ಅಷ್ಟು ದಿನ ಅದನ್ನು ಎದೆಯಲ್ಲಿ ಇಟ್ಟುಕೊಂಡು ಸುಮ್ಮನಿದ್ದನಂತೆ.

“ಅತ್ತೆ, ಹತ್ತಿತು,” ಎಂದ. ಮೈಕಿನ ಮುಂದೆ ಎಂದೂ ಎಡವದವನು ಅದೊಂದು ಮಾತನ್ನು ಎರಡು ಸಲ ಹೇಳಿದ. “ಇವತ್ತು ನಾನೇ ಕರ್ಕೊಂಡು ಹೋಗಿದ್ದೆ. ಅರ್ಧಕ್ಕರ್ಧ ಇಳಿದಿದೆ. ಡಾಕ್ಟ್ರು ನನ್ನ ಕೈ ಕುಲುಕಿದ್ರು. ಮಧ್ಯಾಹ್ನದ ಕರೆ ಚೆನ್ನಾಗಿ ಹಿಡೀತಿದೆ, ಬೆಳಗ್ಗೆ ರಾತ್ರಿದು ಇನ್ನೂ ಹಿಡೀಬೇಕು ಅಂದ್ರು. ಮೈಕಲ್ಲೇ ಚೆನ್ನಾಗಿ ಹೋಗುತ್ತೆ ಅನ್ಸುತ್ತೆ ಅತ್ತೆ ನನ್ನ ದನಿ. ಮನೆಗೂ ಒಂದು ಚಿಕ್ಕ ಮೈಕ್ ತರ್ಲಾ ಅಂತಿದೀನಿ.”

ಹಂಸಿನಿ ಅವನ ಹಿಂದೆ ನಿಂತಿದ್ದಳು. ಅವನ ಬೆನ್ನನ್ನು ನೋಡುತ್ತಿದ್ದ ಅವಳ ಕಣ್ಣಿನಲ್ಲಿ ಪ್ರೀತಿಯಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ. ಎಲೆಗೆ ಗೊತ್ತಾಗುವುದೇ ಬೇರೆ, ಮನಸ್ಸಿಗೆ ಗೊತ್ತಾಗುವುದೇ ಬೇರೆ ಇರಬೇಕು.

“ಇನ್ನೊಂದು ಮಾತು ಹೇಳಿದ್ರು ಡಾಕ್ಟ್ರು,” ಎಂದು ತಿಪ್ಪೇಶ ಸಂಕೋಚದಿಂದ ನನ್ನ ಗಂಡನ ಕಡೆ ತಿರುಗಿದ. “ಇದೇ ಸಮಯವಂತೆ. ಅತ್ತೆ ಮಾವ ಮೂರ್ನಾಲ್ಕು ತಿಂಗಳು ಊರಲ್ಲಿ ಇಲ್ದಿದ್ರೆ, ಹಳೇ ದನಿ ಗಾಳೀಲೂ ಬರ್ದಿದ್ರೆ, ಪೂರ್ತಿ ಹಿಡಿಯುತ್ತಂತೆ. ನಾನು ಹೇಗೆ ಕೇಳ್ಲಿ ನಿಮ್ಮನ್ನ. ನಿಮ್ಮ ಗಿರಣಿ...”

“ಗಿರಣಿ ಏನಪ್ಪ, ಬೀಗ ಹಾಕಿದ್ರಾಯ್ತು,” ಎಂದರು ನನ್ನ ಗಂಡ. ಮೂವತ್ತು ವರ್ಷದಲ್ಲಿ ಹಬ್ಬಕ್ಕೂ ಬೀಗ ಹಾಕಿದವರಲ್ಲ. “ಇವಳ ತಂಗಿ ಹೊಳೆಯಾಚೆ ಇದಾಳೆ. ಬಾ ಬಾ ಅಂತ ಕರೀತಾನೇ ಇರ್ತಾಳೆ. ಸೋಮವಾರನೇ ಹೊರಡ್ತೀವಿ. ಮಗಳಿಗಿಂತ ಹೆಚ್ಚಾ ಹಿಟ್ಟು?”

ತಿಪ್ಪೇಶ ಬಗ್ಗಿ ಅವರ ಕಾಲು ಮುಟ್ಟಿದ. ನಾನು ಬಾಳೆಹಣ್ಣನ್ನು ಒಳಗಿಡುವ ನೆಪದಲ್ಲಿ ಎದ್ದೆ. ಹಂಸಿನಿ ಹಿಂದೆಯೇ ಬಂದಳು. ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ಸುಲಿಯದೆ ಕೈಯಲ್ಲಿ ಹೊರಳಿಸುತ್ತ ನಿಂತಳು.

“ಎಷ್ಟು ದಿನ ಇರ್ತೀರಿ?”

“ಡಾಕ್ಟ್ರು ಹೇಳಿದಷ್ಟು.”

“ಮೂರು ತಿಂಗಳಾ, ನಾಕಾ?”

“ನೋಡ್ಬೇಕು.”

“ಚಿಕ್ಕಮ್ಮನ ಊರು ತಂಪು,” ಎಂದಳು. “ನಿಂಗೆ ಹಿಡಿಸುತ್ತೆ.” ಆಮೇಲೆ ಹಣ್ಣನ್ನು ವಾಪಸು ಚಿಪ್ಪಿನ ಪಕ್ಕ ಇಟ್ಟು, ಅದು ಉರುಳದ ಹಾಗೆ ಸರಿಯಾಗಿ ಕೂರಿಸಿದಳು. “ನಾನು ಚೆನ್ನಾಗಿರ್ತೀನಿ ಅಮ್ಮ.” ನನ್ನನ್ನು ಸಮಾಧಾನ ಮಾಡುವ ದನಿ. ಅಮ್ಮ ಹಾಸಿಗೆಯಲ್ಲಿದ್ದಾಗ ನಾನೂ ಅವಳಿಗೆ ಇದನ್ನೇ ಹೇಳುತ್ತಿದ್ದೆ, ಇದೇ ದನಿಯಲ್ಲಿ. ಅವಳು ನಂಬಿದಳು. ಅಥವಾ ನಂಬಿದ ಹಾಗೆ ಕಣ್ಣು ಮುಚ್ಚಿದಳು.

ಮುಂದಿನ ದಿನಗಳು ಪ್ರಯಾಣದ ತಯಾರಿಯಲ್ಲಿ ಹೋದವು. ನನ್ನ ಗಂಡ ಗಿರಣಿಯ ಬೆಲ್ಟಿಗೆ ಪುಡಿ ಹಚ್ಚಿ ಗೋಣಿಯಲ್ಲಿ ಸುತ್ತಿದರು. ಪಾರ್ವತಕ್ಕ ಹಾಲಿನವನಿಗೆ ಹೇಳುವ ಜವಾಬ್ದಾರಿ ವಹಿಸಿಕೊಂಡಳು. ತಿಪ್ಪೇಶ ಕಿಟಕಿ ಪಕ್ಕದ ಎರಡು ಸೀಟು ಹಿಡಿಸಿದ. ನಾನು ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತ ಲೆಕ್ಕ ಹಾಕುತ್ತಿದ್ದೆ. ಇದ್ದದ್ದನ್ನು ಹೇಳಿಬಿಟ್ಟರೆ ತಿಪ್ಪೇಶ ಮುರಿದು ಬೀಳುತ್ತಾನೆ, ಅವನ ತಾಯಿ ಸುಮ್ಮನಿರುವುದಿಲ್ಲ, ಹಂಸಿನಿ ಆಸ್ಪತ್ರೆಯ ಜಗುಲಿ ಸೇರುತ್ತಾಳೆ. ಹೇಳದೆ ಹೋದರೆ ಗೋಡೆಯಾಚೆ ಅವಳಿಗೆ ಇದ್ದ ಒಂದು ಹೊತ್ತೂ ಹೋಗುತ್ತದೆ. ಡಾಕ್ಟರಮ್ಮ ಹೇಳುವ ಹಾಗೆ ಅವಳ ಎಲೆ ಕಾಯುವುದನ್ನು ಬಿಡಲೂಬಹುದು. ನನ್ನದು ಬಿಟ್ಟಿತಲ್ಲ. ಬಿಟ್ಟು, ಕೊಟ್ಟದ್ದಕ್ಕೆ ಏಳುವುದನ್ನು ಕಲಿಯಿತಲ್ಲ. ಆದರೆ ನನಗೆ ಮೈಯಲ್ಲಿ ಕಸುವಿತ್ತು, ಒಂದು ವರ್ಷ ಸೊರಗಿಯೂ ಉಳಿದೆ. ಇವಳ ಬಳೆ ಈಗಲೇ ಮೊಣಕೈಗೆ ಬರುತ್ತದೆ.

ಇದೆಲ್ಲ ಅವಳಿಗಾಗಿ ಯೋಚಿಸಿದ್ದು ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಗೋಡೆಯಾಚೆ ಅವಳು ಕೂತಿದ್ದಾಳೆಂದು ಗೊತ್ತಾದ ಮೇಲೆ ನಾನು ಕರೆಯುವ ಒಂದು ಮಾತಿನಲ್ಲಿ ನನ್ನ ಇಡೀ ದಿನ ತುಂಬುತ್ತಿತ್ತು. ಬೆಳಗ್ಗೆ ಎದ್ದಾಗಿನಿಂದ ಆ ಹೊತ್ತಿಗೆ ಕಾಯುತ್ತಿದ್ದೆ. ಗಂಡನ ಹೆಸರಿನಲ್ಲಿ ಮಗಳನ್ನು ಕರೆಯುತ್ತಿದ್ದೆ. ಅಮ್ಮ ಬಿಗಿದ ತುಟಿಯೊಳಗೆ ಏನನ್ನು ಹಿಡಿದಿಟ್ಟುಕೊಂಡಿದ್ದಳು ಎಂಬುದು ನನಗೆ ಆಗ ತಿಳಿಯಿತು. ಅವಳಿಗೂ ಹಸಿವಿದ್ದಿರಬೇಕು.

ಶನಿವಾರ ಬೆಳಗ್ಗೆಯಿಂದ ಕರೆಂಟಿರಲಿಲ್ಲ. ಗಿರಣಿ ಓಡಲಿಲ್ಲ. ನನ್ನ ಗಂಡ ಬೇಗ ಮನೆಗೆ ಬಂದು, ತಟ್ಟೆಯ ಮುಂದೆ ಕೂತು, ಹಳೆಯ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡಿನ ಮೈಕೂ ಸತ್ತಿತ್ತು. ಆ ದಿನ ಊರು ಎಂದಿಗಿಂತ ಹೆಚ್ಚು ಮೌನವಾಗಿತ್ತು. ಬೇರೆಯವರ ಕರೆಗಳೆಲ್ಲ ಎದ್ದು ಅಡಗಿದವು. ಹಿತ್ತಿಲ ಬಾಗಿಲು ತೆರೆದಿತ್ತು. ಗೋಡೆಯಾಚೆ ಹೊಟ್ಟಿನ ಮೂಟೆ ಒಮ್ಮೆ ಜಾರಿದ ಸದ್ದು. ಆಮೇಲೆ ಏನೂ ಇಲ್ಲ. ಅಪ್ಪ ಮನೆಯಲ್ಲೇ ಇದ್ದಾರೆ, ಇವತ್ತು ಅಮ್ಮ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿರಲಾರದು. ಅಥವಾ ಗೊತ್ತಿದ್ದೂ ಕೂತಿದ್ದಳು.

ನಾನು ಹಿತ್ತಿಲ ಬಾಗಿಲಿಗೆ ಹೋದೆ. ಹೊಸ್ತಿಲು ದಾಟಿ, ಬಾವಿಕಟ್ಟೆ ದಾಟಿ, ಗೋಡೆಗೆ ಕೈ ತಾಗುವಷ್ಟು ಹತ್ತಿರ ನಿಂತೆ. ಸುಡುವ ಗೋಡೆ. ಅಲ್ಲಿಂದ ಗಟ್ಟಿಯಾಗಿ, ನಿಧಾನವಾಗಿ ಕರೆದೆ.

“ರೀ, ಮುದ್ದೆ ಇಳಿಸಿದೆ.”

ಒಳಗಿನಿಂದ ನನ್ನ ಗಂಡನ ದನಿ ಬಂತು. “ಇಲ್ಲೇ ಕೂತಿದೀನಲ್ಲೇ. ಯಾರನ್ನ ಕರೀತಿದೀಯ ಅಲ್ಲಿ ನಿಂತ್ಕೊಂಡು?”

“ಅಭ್ಯಾಸ ರೀ,” ಎಂದೆ.

“ಹಿಂಗಾದ್ರೆ ನಿನ್ನ ತಂಗಿ ಊರಲ್ಲಿ ಜನ ನಗ್ತಾರೆ ನೋಡು. ನೀನೂ ಬಾ.”

ಗೋಡೆಯಾಚೆ ಡಬ್ಬಿಯ ಮುಚ್ಚಳ ಕಚ್ಚಿಕೊಂಡಿತ್ತೋ ಏನೋ, ಎರಡು ಸಲ ಎಳೆದ ಸದ್ದಾಯಿತು, ಮೂರನೆಯ ಸಲಕ್ಕೆ ಬಿಟ್ಟುಕೊಂಡಿತು. ಅವಳು ಉಂಡು ಮುಗಿಸುವವರೆಗೂ ನಾನು ಅಲ್ಲೇ ನಿಂತು ಬಕೆಟ್ಟಿನ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿ ತಂತಿಗೆ ಹಾಕಿದೆ. ಎಲ್ಲ ಒಣಗಿಯೇ ಇದ್ದವು.

ನಾಡಿದ್ದು ಸೋಮವಾರ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ನನ್ನ ಬಲ ಮೊಣಕಾಲು ಹಿಡಿದುಕೊಳ್ಳುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದೇ ಇಲ್ಲ. ಅದು ಎಷ್ಟು ತಿಂಗಳು ನೋಯುತ್ತದೆಂದು ನಾನು ಇನ್ನೂ ತೀರ್ಮಾನಿಸಿಲ್ಲ.